ಡೆಲೋಸ್‌ನಲ್ಲಿ ಮೂರು ಗಂಟೆ

ಅಪ್ಪ ಅರಸೀಕೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವರು. ಗ್ರೀಸ್ ಪಾಠ ಬಂದ ದಿನ ಅವರು ಪುಸ್ತಕ ತೆರೆಯುತ್ತಿರಲಿಲ್ಲ. ಸೀಮೆಸುಣ್ಣ ತಗೊಂಡು ಬೋರ್ಡಿನ ತುಂಬ ಏಜಿಯನ್ ಸಮುದ್ರದ ನಕ್ಷೆ ಬರೆಯುತ್ತಿದ್ದರು. ಎಡಕ್ಕೆ ಅಥೆನ್ಸ್, ಕೆಳಗೆ ಸ್ಪಾರ್ಟಾ, ಬಲಕ್ಕೆ ಪರ್ಷಿಯಾದವರ ತೀರ. ನಡುವೆ ಒಂದು ಚುಕ್ಕೆ. "ಇದು ಡೆಲೋಸ್. ಎಲ್ಲ ಊರಿನವರೂ ದುಡ್ಡು ಸೇರಿಸಿ ಇಲ್ಲಿ ಇಟ್ಟಿದ್ರು. ಅದನ್ನ ಅಥೆನ್ಸಿನವರು ಹೊತ್ಕೊಂಡು ಹೋದ್ರು" ಎನ್ನುತ್ತಿದ್ದರು. ನಾನೂ ಅದೇ ಬೋರ್ಡಿನ ಮುಂದೆ ಕೂತು ಪಾಠ ಕೇಳಿದವಳು.

ಅಪ್ಪನಿಗೆ ಎಪ್ಪತ್ತು ತುಂಬಿದಾಗ ಅಣ್ಣ ಮತ್ತು ನಾನು ಸೇರಿ ಅಪ್ಪ-ಅಮ್ಮನಿಗೆ ಒಂದು ದೊಡ್ಡ ಪ್ರವಾಸ ಮಾಡಿಸಬೇಕು ಅಂದುಕೊಂಡೆವು. ಅಪ್ಪನಿಗೆ ಮಂಡಿನೋವು. ಅಮ್ಮನಿಗೆ ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವುದು ಆಗದು. ಅದಕ್ಕೆ ಕ್ರೂಸ್ ಸರಿ ಅನ್ನಿಸಿತು. ಒಂದೇ ಕೋಣೆ, ಏಳು ರಾತ್ರಿ, ಹಡಗೇ ಊರಿಂದ ಊರಿಗೆ ಕರೆದೊಯ್ಯುತ್ತದೆ. ಅಥೆನ್ಸಿನ ಬಂದರು ಪಿರೇಯಸ್‌ನಿಂದ ಹೊರಟು ಮೈಕೊನೋಸ್, ಟರ್ಕಿಯ ಕುಸದಾಸಿ, ರೋಡ್ಸ್, ಸ್ಯಾಂಟೊರಿನಿ ಸುತ್ತಿ ವಾಪಸ್. ಅಣ್ಣನಿಗೆ ರಜೆ ಸಿಗಲಿಲ್ಲ. ನಾನು ಅವರಿಬ್ಬರ ಜೊತೆ ಹೊರಟೆ.

ಪಟ್ಟಿ ತೋರಿಸಿದಾಗ ಅಪ್ಪ ಅದರ ಮೇಲೆ ಬೆರಳು ಇಟ್ಟು ನಿಧಾನವಾಗಿ ಓದಿದರು. ಮೈಕೊನೋಸ್ ಹತ್ತಿರ ಬೆರಳು ನಿಂತಿತು.

"ಪುಟ್ಟಿ, ಮೈಕೊನೋಸ್ ಅಂದ್ರೆ ಪಕ್ಕದಲ್ಲೇ ಡೆಲೋಸ್ ಅಲ್ವಾ?"

ಅಷ್ಟೇ ಕೇಳಿದ್ದು. ಕರೆದುಕೊಂಡು ಹೋಗು ಅಂತ ಹೇಳಲಿಲ್ಲ. ಆದರೆ ಅವತ್ತಿನಿಂದ ನನಗೆ ಆ ಏಳು ದಿನಗಳ ಪ್ರವಾಸದಲ್ಲಿ ಮುಖ್ಯವಾದದ್ದು ಆ ಒಂದು ದಿನವೇ ಆಯಿತು.

ಡೆಲೋಸ್ ಮೈಕೊನೋಸ್‌ನ ನೈಋತ್ಯಕ್ಕೆ ಇರುವ ಸಣ್ಣ ದ್ವೀಪ. ಉದ್ದ ಐದು ಕಿಲೋಮೀಟರ್, ಅಗಲ ಒಂದೂಕಾಲು ಕಿಲೋಮೀಟರ್ ಆಸುಪಾಸು. ಅಪೊಲೊ ಮತ್ತು ಆರ್ಟೆಮಿಸ್ ಅನ್ನುವ ದೇವರುಗಳು ಹುಟ್ಟಿದ ಜಾಗ ಎಂದು ಗ್ರೀಕರು ನಂಬಿದ್ದ ನೆಲ. ಈಗ ಅಲ್ಲಿ ಊರಿಲ್ಲ, ಹೋಟೆಲ್ಲಿಲ್ಲ. ಕಾವಲಿನವರು ಮತ್ತು ಉತ್ಖನನದವರನ್ನು ಬಿಟ್ಟರೆ ಯಾರೂ ರಾತ್ರಿ ಉಳಿಯುವಂತಿಲ್ಲ. ಫ್ರೆಂಚ್ ಪುರಾತತ್ವ ಸಂಸ್ಥೆಯವರು 1872ರಲ್ಲಿ ಅಗೆಯಲು ಶುರು ಮಾಡಿದ್ದು ಇನ್ನೂ ಮುಗಿದಿಲ್ಲ. 1990ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ದೊಡ್ಡ ಹಡಗುಗಳು ಅಲ್ಲಿಗೆ ಹೋಗುವುದಿಲ್ಲ. ಮೈಕೊನೋಸ್‌ನ ಹಳೇ ಬಂದರಿನಿಂದ ಸಣ್ಣ ದೋಣಿ ಹಿಡಿಯಬೇಕು. ಅರ್ಧ ಗಂಟೆ ದಾರಿ.

ಅರ್ಧ ಗಂಟೆ ಅಂದರೆ ಸುಲಭ ಅನ್ನಿಸುತ್ತದೆ. ಕೂತು ಲೆಕ್ಕ ಹಾಕಿದಾಗ ಕಷ್ಟ ಗೊತ್ತಾಯಿತು.

ನಮ್ಮ ಹಡಗು ಬೆಳಗ್ಗೆ 8ಕ್ಕೆ ಮೈಕೊನೋಸ್ ತಲುಪುತ್ತದೆ, ಸಂಜೆ 5:30ಕ್ಕೆ ಹೊರಡುತ್ತದೆ ಎಂದು ಟಿಕೆಟ್ಟಿನಲ್ಲಿತ್ತು. ಒಂಬತ್ತೂವರೆ ಗಂಟೆ ಸಿಕ್ಕಿತು ಅಂತ ಖುಷಿಪಟ್ಟೆ. ಆಮೇಲೆ ಸಣ್ಣ ಅಕ್ಷರ ಓದಿದೆ. ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಹಡಗಿನಲ್ಲಿ ಇರಬೇಕು. 8ಕ್ಕೆ ತಲುಪುವುದು ಅಂದರೆ 8ಕ್ಕೇ ಇಳಿಯುವುದು ಅಂತಲ್ಲ. ಆ ಊರಿನ ಅಧಿಕಾರಿಗಳು ಒಪ್ಪಿಗೆ ಕೊಟ್ಟ ಮೇಲೆ ಬಾಗಿಲು ತೆರೆಯುತ್ತಾರೆ. ಸಾವಿರಾರು ಜನ ಒಟ್ಟಿಗೆ ಇಳಿಯಬೇಕು. ಹೊಸ ಬಂದರಿನಲ್ಲಿ ಹಡಗು ಕಟ್ಟಿದರೆ ಅಲ್ಲಿಂದ ಹಳೇ ಬಂದರಿಗೆ ಇನ್ನೊಂದು ದೋಣಿ, ಸೀಬಸ್ ಅನ್ನುತ್ತಾರೆ, ಅದನ್ನು ಹಿಡಿಯಬೇಕು. ಒಂದೊಂದನ್ನೂ ಕಳೆಯುತ್ತಾ ಹೋದಾಗ ಉಳಿದದ್ದು ಆರೇಳು ಗಂಟೆ.

ಡೆಲೋಸ್ ದೋಣಿಗಳಿಗೆ ಅವುಗಳದೇ ವೇಳಾಪಟ್ಟಿ. ನಮ್ಮ ದಿನಕ್ಕೆ ಬೆಳಗ್ಗೆ 9, 10, 11:30ಕ್ಕೆ ಹೋಗುವ ದೋಣಿಗಳಿದ್ದವು. ವಾಪಸ್ ಬರುವುದು 12, 1:30, 3ಕ್ಕೆ. ಚಳಿಗಾಲದಲ್ಲಿ ಈ ಓಡಾಟ ಇರುವುದಿಲ್ಲ. ಸೋಮವಾರ ದೋಣಿ ಕಡಿಮೆ. ಹಾಗಾಗಿ ಹಡಗು ಮೈಕೊನೋಸ್‌ಗೆ ವಾರದ ಯಾವ ದಿನ ಬರುತ್ತದೆ ಅನ್ನುವುದನ್ನು ಟಿಕೆಟ್ ಮಾಡುವ ಮೊದಲೇ ನೋಡಿಕೊಳ್ಳಬೇಕು. ನಮ್ಮದು ಸೆಪ್ಟೆಂಬರ್ ಕೊನೆಯ ಒಂದು ಬುಧವಾರ.

ವೀಸಾದಲ್ಲೂ ಒಂದು ವಿಷಯ ಇತ್ತು. ಹಡಗು ನಡುವೆ ಟರ್ಕಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರುತ್ತದೆ. ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು, ಶೆಂಗನ್, ಅದರಿಂದ ಆಚೆ ಹೋಗಿ ಪುನಃ ಒಳಗೆ. ಒಂದೇ ಸಲ ಒಳಗೆ ಬಿಡುವ ವೀಸಾ ಸಾಲದು, ಮಲ್ಟಿಪಲ್ ಎಂಟ್ರಿ ಬೇಕು. ಅರ್ಜಿಯ ಜೊತೆ ಹಡಗಿನ ದಾರಿಯ ಪಟ್ಟಿ ಇಟ್ಟು, ಯಾಕೆ ಬೇಕು ಅಂತ ಪತ್ರದಲ್ಲಿ ಬರೆದೆ. ಸಿಕ್ಕಿತು. 2025ರ ಜುಲೈನಿಂದ ಗ್ರೀಸ್ ಕ್ರೂಸ್ ಪ್ರಯಾಣಿಕರಿಂದ ಒಂದು ಶುಲ್ಕವನ್ನೂ ತೆಗೆದುಕೊಳ್ಳುತ್ತಿದೆ. ಮೈಕೊನೋಸ್ ಮತ್ತು ಸ್ಯಾಂಟೊರಿನಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲೆಗೆ 20 ಯೂರೋ. ನಮಗೆ ಅದು ಹಡಗಿನ ಬಿಲ್ಲಿನಲ್ಲೇ ಸೇರಿ ಬಂತು.

ಜಾಸ್ತಿ ಯೋಚನೆ ಮಾಡಿದ್ದು ಒಂದೇ ವಿಷಯಕ್ಕೆ. ಹಡಗಿನವರ ಟೂರ್‌ನಲ್ಲಿ ಹೋಗುವುದಾ, ನಾವೇ ಹೋಗುವುದಾ?

ಹಡಗಿನವರ ಟೂರ್‌ಗೆ ದುಡ್ಡು ಜಾಸ್ತಿ. ಆದರೆ ಒಂದು ದೊಡ್ಡ ಭರವಸೆ ಇದೆ. ಅವರ ಟೂರ್ ತಡವಾದರೆ ಹಡಗು ಕಾಯುತ್ತದೆ. ನಾವೇ ಹೋಗಿ ತಡವಾದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಮ್ಮ ಖರ್ಚಿನಲ್ಲಿ ಹೋಗಿ ಸೇರಬೇಕು. ನಮ್ಮ ಮುಂದಿನ ಬಂದರು ಟರ್ಕಿಯಲ್ಲಿ! ಅಪ್ಪ-ಅಮ್ಮನನ್ನು ಕರೆದುಕೊಂಡು ಆ ಪರಿಸ್ಥಿತಿಗೆ ಬೀಳುವುದನ್ನು ನೆನೆದರೇ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಎರಡು ಸಲ ಟೂರ್ ಪುಟ ತೆರೆದು ದುಡ್ಡು ಕಟ್ಟುವ ತನಕ ಹೋಗಿ ನಿಂತೆ.

ನಿಲ್ಲಿಸಿದ್ದು ಅಪ್ಪನ ಮಂಡಿ. ಗುಂಪಿನಲ್ಲಿ ಹೋದರೆ ಗುಂಪಿನ ಹೆಜ್ಜೆಗೆ ನಡೆಯಬೇಕು. ಅಪ್ಪ ಹತ್ತು ನಿಮಿಷ ನಡೆದು ಐದು ನಿಮಿಷ ಕೂರುವವರು. ಒಂದು ಕಲ್ಲಿನ ಮುಂದೆ ಸುಮ್ನೆ ನಿಂತು ನೋಡುವವರು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಚುಕ್ಕೆಯನ್ನು ಯಾರದೋ ಬಾವುಟದ ಹಿಂದೆ ಓಡುತ್ತಾ ನೋಡಿಸಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ನಾವೇ ಹೋಗುವುದು ಅಂತ ತೀರ್ಮಾನ ಮಾಡಿ, ಒಂದು ನಿಯಮ ಮಾಡಿಕೊಂಡೆ. ದಿನದ ಲೆಕ್ಕವನ್ನು ಬೆಳಗ್ಗೆಯಿಂದ ಹಾಕಬಾರದು, ಸಂಜೆಯಿಂದ ಹಿಂದಕ್ಕೆ ಹಾಕಬೇಕು. 5 ಗಂಟೆಗೆ ಹಡಗಿನಲ್ಲಿರಬೇಕು. 4ಕ್ಕೆ ಬಂದರಿನ ಸಾಲಿನಲ್ಲಿರಬೇಕು. ಡೆಲೋಸ್‌ನಿಂದ 3ಕ್ಕೆ ಹೊರಟರೆ 3:30ಕ್ಕೆ ಮೈಕೊನೋಸ್. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಕೊನೆಯ ದೋಣಿ. ಅದು ಕೆಟ್ಟರೆ, ಗಾಳಿ ಎದ್ದರೆ, ಹಿಂದೆ ಇನ್ನೊಂದಿಲ್ಲ. ಆದ್ದರಿಂದ ನಮ್ಮ ದೋಣಿ 1:30ರದ್ದು. 3 ಗಂಟೆಯದ್ದು ಆಪತ್ತಿಗೆ ಮಾತ್ರ. ಇದನ್ನು ಊರಲ್ಲೇ ಅಪ್ಪ-ಅಮ್ಮನಿಗೆ ಹೇಳಿ ಒಪ್ಪಿಸಿದೆ. ಅಲ್ಲಿ ಹೋಗಿ ನಿಂತ ಮೇಲೆ ಇನ್ನೂ ಸ್ವಲ್ಪ ಹೊತ್ತು ಇರೋಣ ಅನ್ನಿಸುವುದು ಸಹಜ. ಆಗ ತೀರ್ಮಾನ ಮಾಡಬಾರದು, ಮೊದಲೇ ಮಾಡಿರಬೇಕು.

ಇನ್ನೊಂದು ತ್ಯಾಗವೂ ಇತ್ತು. ಮೈಕೊನೋಸ್ ಊರನ್ನು ಬಿಡಬೇಕು. ಸಾಲಾಗಿ ನಿಂತ ಗಾಳಿಯಂತ್ರಗಳು, ಸಮುದ್ರಕ್ಕೆ ತಾಗಿಕೊಂಡ ಮನೆಗಳ ಲಿಟ್ಲ್ ವೆನಿಸ್, ಬಿಳಿ ಓಣಿಗಳು. ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಅಲ್ಲೇ. ಎರಡನ್ನೂ ನೋಡುತ್ತೇವೆ ಅಂತ ಹೊರಟರೆ ಎರಡೂ ಅರ್ಧಂಬರ್ಧ ಆಗುತ್ತಿತ್ತು. ಸಮಯ ಉಳಿದರೆ ಊರು, ಇಲ್ಲದಿದ್ದರೆ ಇಲ್ಲ ಅಂದುಕೊಂಡೆವು.

ಹಿಂದಿನ ರಾತ್ರಿ ಊಟದ ಹೊತ್ತಿಗೆ ಹಡಗಿನಲ್ಲಿ ಘೋಷಣೆ ಬಂತು. ನಾಳೆ ಕಟ್ಟೆಗೆ ಕಟ್ಟುವುದಿಲ್ಲ, ಸಮುದ್ರದಲ್ಲೇ ಲಂಗರು ಹಾಕುತ್ತೇವೆ, ಟೆಂಡರ್ ದೋಣಿಯಲ್ಲಿ ದಡಕ್ಕೆ ಹೋಗಬೇಕು ಅಂತ. ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಟೆಂಡರ್ ಅಂದರೆ ಸಾಲು, ನಂಬರಿನ ಚೀಟಿ, ಕಾಯುವುದು. ಹಡಗಿನವರ ಟೂರ್‌ನವರನ್ನು ಮೊದಲು ಇಳಿಸುತ್ತಾರೆ. ಉಳಿದವರು ಆಮೇಲೆ.

ಬೆಳಗ್ಗೆ 6:30ಕ್ಕೇ ಚೀಟಿ ಕೊಡುವ ಕಡೆ ಹೋಗಿ ನಿಂತೆ. ಆಗಲೇ ನನ್ನ ಮುಂದೆ ನಲವತ್ತು ಜನ ಇದ್ದಿರಬಹುದು. ಆರನೇ ದೋಣಿಯ ಚೀಟಿ ಸಿಕ್ಕಿತು. ಅಮ್ಮ ತಿಂಡಿ ಮುಗಿಸಿ ಚೀಲ ಸಿದ್ಧ ಮಾಡಿದ್ದರು. ಮೂರು ದೊಡ್ಡ ಬಾಟಲಿ ನೀರು, ಮನೆಯಿಂದ ತಂದ ಕೋಡುಬಳೆ, ಅಪ್ಪನ ಮಾತ್ರೆ, ಒಂದು ಕೊಡೆ, ಒಣಶುಂಠಿ. ಡೆಲೋಸ್‌ನಲ್ಲಿ ನೆರಳಿಲ್ಲ ಅಂತ ಓದಿದ್ದೆ. ಹಡಗಿನ ದಿನಪತ್ರಿಕೆಯ ಮೂಲೆಯಲ್ಲಿ ಆ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ. ಹಡಗು ತಪ್ಪಿದರೆ ಕರೆ ಮಾಡಬೇಕಾದವರು ಅವರೇ. ಆ ತುಂಡನ್ನು ಕತ್ತರಿಸಿ ಅಪ್ಪನ ಜೇಬಿಗೊಂದು, ನನ್ನ ಪರ್ಸಿಗೊಂದು ಇಟ್ಟೆ. ಅಪ್ಪ ತಮ್ಮ ಎಚ್‌ಎಂಟಿ ಗಡಿಯಾರಕ್ಕೆ ಕೀ ಕೊಟ್ಟು, ಹಡಗಿನ ಗೋಡೆ ಗಡಿಯಾರದ ಎದುರು ನಿಂತು ಮುಳ್ಳು ಸರಿ ಮಾಡಿಕೊಂಡರು. "ಫೋನ್ ನಂಬಬೇಡ, ಚಾರ್ಜ್ ಹೋಗುತ್ತೆ" ಅಂದರು. ಆ ದಿನ ಪೂರ್ತಿ ನಾವು ನಡೆದದ್ದು ಆ ಗಡಿಯಾರದ ಮಾತಿನಂತೆ.

ನಮ್ಮ ಚೀಟಿಯ ನಂಬರ್ ಕರೆದದ್ದು 9ಕ್ಕೆ ಐದು ನಿಮಿಷ ಇರುವಾಗ. ಟೆಂಡರ್ ತೂಗಾಡುತ್ತಿತ್ತು. ಹಡಗಿನವರು ಎರಡೂ ಕಡೆ ಕೈ ಹಿಡಿದು ಅಪ್ಪನನ್ನು ದಾಟಿಸಿದರು. ದಡಕ್ಕೆ ಕಾಲಿಟ್ಟಾಗ 9:20. 9 ಗಂಟೆಯ ಡೆಲೋಸ್ ದೋಣಿ ಹೊರಟುಹೋಗಿತ್ತು.

ಆದರೆ ಒಂದು ಒಳ್ಳೆಯದಾಗಿತ್ತು. ಟೆಂಡರ್ ನಮ್ಮನ್ನು ಇಳಿಸಿದ್ದು ಹಳೇ ಬಂದರಿನಲ್ಲೇ. ಸೀಬಸ್ ಹಿಡಿಯುವ ಕೆಲಸ ತಪ್ಪಿತು. ನೀರಿನಂಚಿನಲ್ಲೇ ಸ್ವಲ್ಪ ದೂರ ನಡೆದರೆ ಸಂತ ನಿಕೋಲಸರ ಪುಟ್ಟ ಇಗರ್ಜಿ, ನೀಲಿ ಗುಮ್ಮಟದ್ದು. ಅದರ ಹತ್ತಿರವೇ ಡೆಲೋಸ್ ದೋಣಿಗಳ ಕಟ್ಟೆ ಮತ್ತು ಟಿಕೆಟ್ ಕೊಡುವ ಸಣ್ಣ ಗೂಡು. ದೋಣಿಗೆ ಒಂದು ಟಿಕೆಟ್, ದ್ವೀಪದ ಒಳಗೆ ಹೋಗಲು ಬೇರೆ ಟಿಕೆಟ್. 10 ಗಂಟೆಯ ದೋಣಿಗೆ ಜಾಗ ಸಿಕ್ಕಿತು. ಟಿಕೆಟ್ ಕೊಡುವಾಕೆಯನ್ನು ಗಾಳಿಯ ಬಗ್ಗೆ ಕೇಳಿದೆ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಮೇಲೆ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಜೋರಾಗಿ ಬೀಸುತ್ತದೆ. ಜೋರಾದ ದಿನ ದೋಣಿಗಳೇ ನಿಂತುಬಿಡುತ್ತವೆ. ಸೆಪ್ಟೆಂಬರ್ ಕೊನೆಯಲ್ಲಿ ಕಡಿಮೆ ಅಂತ ಓದಿದ್ದೆ. ಆಕೆ ನೀರಿನ ಕಡೆ ನೋಡಿ, ಈಗ ಪರವಾಗಿಲ್ಲ, ಮಧ್ಯಾಹ್ನ ಏಳಬಹುದು ಅಂದಳು.

ದೋಣಿಯಲ್ಲಿ ಅಮ್ಮ ಶುಂಠಿ ಅಗಿಯುತ್ತಾ ಕಣ್ಣು ಮುಚ್ಚಿ ಕೂತಿದ್ದರು. ಅಪ್ಪ ಕೂರಲೇ ಇಲ್ಲ. ಕಂಬಿ ಹಿಡಿದು ಮುಂದೆ ನಿಂತಿದ್ದರು. ಬೋಳು ದ್ವೀಪ, ಕಂದುಬಣ್ಣ, ನಡುವೆ ಒಂದು ಗುಡ್ಡ. ಅದು ಕಿಂಥೋಸ್, ಎತ್ತರ 112 ಮೀಟರ್. ನಮ್ಮ ಮಾಲೇಕಲ್ ತಿರುಪತಿ ಬೆಟ್ಟದ ಮುಂದೆ ಅದೇನು ದೊಡ್ಡದಲ್ಲ. ಹತ್ತಿರ ಬಂದಂತೆ ಕಂದು ನೆಲದ ಮೇಲೆ ಬಿಳಿ ಕಂಬಗಳು ಒಂದೊಂದಾಗಿ ಎದ್ದು ಕಂಡವು. ಒಂದು ಮರವೂ ಕಣ್ಣಿಗೆ ಬೀಳಲಿಲ್ಲ.

10:30ಕ್ಕೆ ಇಳಿದೆವು. ಹೆಚ್ಚಿನವರು ಎಡಕ್ಕೆ, ಕಲ್ಲಿನ ಸಿಂಹಗಳ ಕಡೆ ಹೊರಟರು. ನಾನು ಬಲಕ್ಕೆ ತಿರುಗಿಸಿದೆ. ಊರಲ್ಲೇ ನಕ್ಷೆ ನೋಡಿ ಇದನ್ನು ಯೋಚಿಸಿದ್ದೆ. ಬಲಗಡೆ ಹಳೇ ಊರು, ಬಯಲು ರಂಗಮಂದಿರ, ಎಲ್ಲ ಏರುದಾರಿ. ಎಡಗಡೆ ದೇವಸ್ಥಾನ, ಸಿಂಹಗಳು, ಸಮತಟ್ಟು. ಬಿಸಿಲು ಏರುವ ಮೊದಲು, ಮಂಡಿ ದಣಿಯುವ ಮೊದಲು ಏರುದಾರಿ ಮುಗಿಸಿಕೊಳ್ಳಬೇಕು. ಮೊದಲ ಒಂದು ಗಂಟೆ ಆ ಓಣಿಗಳಲ್ಲಿ ಹೆಚ್ಚಾಗಿ ನಾವು ಮೂವರೇ ಇದ್ದೆವು. ಬಿಸಿಲು ಕಾಯುವ ಓತಿಕ್ಯಾತಗಳು ಕಲ್ಲಿನಿಂದ ಕಲ್ಲಿಗೆ ಓಡುತ್ತಿದ್ದವು.

ಓಣಿ ಕಿರಿದು. ಎರಡೂ ಕಡೆ ತಲೆಯೆತ್ತರದ ಕಲ್ಲುಗೋಡೆ. ಅಂಗಡಿ ಇದ್ದ ಜಾಗ, ಹೊಸಿಲು, ಬಾಗಿಲಿನ ಗುಳಿ ಎಲ್ಲ ಹಾಗೇ ಇದೆ. ಮದ್ಯದ ದೇವರು ಡಯೊನೈಸಸ್‌ನ ಹೆಸರಿನ ಮನೆ ಅನ್ನುವ ಕಡೆ ಒಳಗೆ ಇಣುಕಿದೆವು. ನಡುವೆ ಚೌಕದ ಅಂಗಳ, ಸುತ್ತ ಕಂಬಗಳು, ಅಂಗಳದ ನೆಲದಲ್ಲಿ ಬಣ್ಣದ ಸಣ್ಣ ಕಲ್ಲುಗಳನ್ನು ಜೋಡಿಸಿ ಮಾಡಿದ ಚಿತ್ರ. ರೆಕ್ಕೆ ಇರುವ ಒಬ್ಬ ಹುಲಿಯ ಮೇಲೆ ಕೂತಿದ್ದಾನೆ. ಹುಲಿಯ ಕತ್ತಿಗೆ ಬಳ್ಳಿಯ ಹಾರ. ಎರಡು ಸಾವಿರ ವರ್ಷದ ಮೇಲಿನದು.

ಅಮ್ಮ ಚಿತ್ರಕ್ಕಿಂತ ಅಂಗಳವನ್ನೇ ನೋಡುತ್ತಿದ್ದರು.

"ಇದು ನಮ್ಮ ತೊಟ್ಟಿಮನೆ ಅಲ್ವೇನ್ರಿ? ಇಲ್ಲಿ ಮಳೆ ಬಿದ್ರೆ ನೀರು ಎಲ್ಲಿಗೆ ಹೋಗುತ್ತೆ?"

ಅಂಗಳದ ಕೆಳಗೇ ನೀರಿನ ತೊಟ್ಟಿ ಇರುತ್ತಿತ್ತು ಅಂತ ಓದಿದ್ದನ್ನು ಹೇಳಿದೆ. ಮಾಡಿನ ನೀರು ಅಂಗಳಕ್ಕೆ ಇಳಿದು ನೆಲದಡಿ ಸೇರುತ್ತಿತ್ತು. ಡೆಲೋಸ್‌ನಲ್ಲಿ ನೀರಿಗೆ ಕಷ್ಟ, ಮಳೆನೀರೇ ಆಧಾರ. ಅಮ್ಮ ಅಜ್ಜಿಯ ಮನೆಯಲ್ಲಿ ತೊಟ್ಟಿಯ ಕೆಳಗೆ ಹಂಡೆ ಇಟ್ಟು ಸೋನೆ ನೀರು ಹಿಡಿಯುತ್ತಿದ್ದುದನ್ನು ನೆನಪು ಮಾಡಿಕೊಂಡರು. ಅಲ್ಲಿಂದ ಮುಂದೆ ಪ್ರತಿ ಮನೆಗೂ ಅವರೇ ಮುಂದಾಗಿ ಹೋಗಿ, ಇದು ಅಡುಗೆಮನೆ ಇರಬೇಕು, ಇಲ್ಲಿ ಒರಳು ಇಟ್ಟಿರಬೇಕು ಎನ್ನುತ್ತಾ ನಡೆದರು. ದೋಣಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದವರು ಇವರೇನಾ ಅನ್ನಿಸಿತು. ಒಂದು ಮನೆಯ ಅಂಗಳದಲ್ಲಿ ತಲೆ ಇಲ್ಲದ ಎರಡು ಪ್ರತಿಮೆಗಳು ಪಕ್ಕಪಕ್ಕ ನಿಂತಿವೆ. ಕ್ಲಿಯೋಪಾತ್ರಾ ಮತ್ತು ಡಿಯೊಸ್ಕುರಿಡೀಸ್ ಅನ್ನುವ ಗಂಡ-ಹೆಂಡತಿ. ಈಜಿಪ್ಟಿನ ರಾಣಿ ಅಲ್ಲ, ಅಥೆನ್ಸಿನಿಂದ ಬಂದು ನೆಲೆಸಿದ್ದ ಮನೆತನದವಳು. ಗಂಡನ ಹೆಸರಿನಲ್ಲಿ ಪ್ರತಿಮೆ ನಿಲ್ಲಿಸಿದ್ದು ಆಕೆಯೇ.

ಈ ಊರು ಇಷ್ಟು ಬೆಳೆದದ್ದು ವ್ಯಾಪಾರದಿಂದ. ಕ್ರಿ.ಪೂ. 166ರ ಸುಮಾರಿಗೆ ರೋಮಿನವರು ಡೆಲೋಸನ್ನು ಸುಂಕವಿಲ್ಲದ ಬಂದರು ಮಾಡಿದರು. ಸಿರಿಯಾ, ಈಜಿಪ್ಟ್, ಇಟಲಿ, ಬೈರೂತ್ ಕಡೆಯ ವರ್ತಕರೆಲ್ಲ ಬಂದು ಕೂತರು. ಬಂದವರು ತಮ್ಮ ದೇವರನ್ನೂ ತಂದರು. ಅಪೊಲೊನ ನೆಲದಲ್ಲಿ ಈಜಿಪ್ಟಿನ ದೇವತೆ ಐಸಿಸ್‌ಗೆ ಗುಡಿ ಇದೆ, ಸಿರಿಯಾದ ದೇವತೆಗಳಿಗೆ ಜಾಗ ಇದೆ, ಯಹೂದಿಗಳ ಪ್ರಾರ್ಥನಾ ಮಂದಿರ ಎಂದು ಗುರುತಿಸಿರುವ ಕಟ್ಟಡವೂ ಇದೆ. ಇದೇ ಬಂದರಿನಲ್ಲಿ ಮನುಷ್ಯರನ್ನೂ ಮಾರುತ್ತಿದ್ದರು. ಒಂದೇ ದಿನದಲ್ಲಿ ಹತ್ತು ಸಾವಿರದಷ್ಟು ಗುಲಾಮರು ಬಂದು ಹೋಗಬಹುದಿತ್ತು ಎಂದು ಆ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ನಾವು ಇಳಿದ ಕಟ್ಟೆಯ ಹತ್ತಿರ ಎಲ್ಲೋ ಅವರನ್ನು ನಿಲ್ಲಿಸಿರುತ್ತಿದ್ದರು. ಅದನ್ನು ಹೇಳುವಾಗ ಅಪ್ಪ ದನಿ ತಗ್ಗಿಸಿದರು.

ರಂಗಮಂದಿರದಲ್ಲಿ ಸುಮಾರು 5,500 ಜನ ಕೂರುವಷ್ಟು ಮೆಟ್ಟಿಲುಗಳು. ಅಪ್ಪ ಕೆಳಗಿನ ಸಾಲಿನಲ್ಲಿ ಕೂತು ಮಂಡಿ ಉಜ್ಜಿಕೊಂಡರು. ಕೋಡುಬಳೆ ತೆಗೆದೆವು. ಗ್ರೀಕ್ ನಾಟಕ ಅಂದ ಕೂಡಲೇ ಅಪ್ಪನಿಗೆ ಇನ್ನೊಂದು ನೆನಪಾಯಿತು. ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ನಮ್ಮ ಕರಾವಳಿಯಂಥ ಜಾಗದ ಕಥೆ ಬರುತ್ತದೆ. ಅದರಲ್ಲಿನ ಕೆಲವು ಮಾತು ಕನ್ನಡವೇ ಅಂತ ಆರ್. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ವಾದಿಸಿದ್ದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಅಪ್ಪ ಎರಡೂ ಕಡೆಯ ವಾದವನ್ನು ಪಾಠದ ಹಾಗೆ ಹೇಳಿದರು. ಕೇಳುವವರು ಇಬ್ಬರೇ. ಪಕ್ಕದಲ್ಲೇ ರಂಗಮಂದಿರದ ಮಳೆನೀರು ಸೇರುವ ದೊಡ್ಡ ತೊಟ್ಟಿ, ಮೇಲೆ ಕಲ್ಲಿನ ಕಮಾನುಗಳು, ತಳದಲ್ಲಿ ಹಸಿರು ನೀರು. ಅಮ್ಮ ಅದನ್ನೂ ಬಗ್ಗಿ ನೋಡಿ ಬಂದರು.

ಅಲ್ಲಿಂದ ಮೇಲಕ್ಕೆ ಕಿಂಥೋಸ್ ಗುಡ್ಡದ ಮೆಟ್ಟಿಲು ಹೋಗುತ್ತದೆ. ತುದಿಯಿಂದ ಸುತ್ತಲಿನ ದ್ವೀಪಗಳೆಲ್ಲ ವೃತ್ತದ ಹಾಗೆ ಕಾಣುತ್ತವೆ. ಡೆಲೋಸನ್ನು ನಡುವೆ ಇಟ್ಟು ಸುತ್ತ ಇರುವ ದ್ವೀಪಗಳಿಗೇ ಸಿಕ್ಲಡೀಸ್ ಅನ್ನುವ ಹೆಸರು ಬಂದದ್ದು. ಅಪ್ಪ ಮೆಟ್ಟಿಲನ್ನು ನೋಡಿದರು. ಗಡಿಯಾರ ನೋಡಿದರು. 11:50.

"ಹತ್ತೋಕೆ ಎಷ್ಟು ಹೊತ್ತು ಪುಟ್ಟಿ?"

"ನನಗೆ ಇಪ್ಪತ್ತು ನಿಮಿಷ. ನಿಮಗೆ ಮುಕ್ಕಾಲು ಗಂಟೆ ಬೇಕಪ್ಪ. ಇಳಿಯೋದು ಇನ್ನೂ ಕಷ್ಟ."

"ಹತ್ತಿದ್ರೆ ದೇವಸ್ಥಾನದ ಕಡೆ ಹೋಗಕ್ಕಾಗಲ್ಲ."

"ಆಗಲ್ಲ. 3 ಗಂಟೆ ದೋಣಿಗೆ ನಿಂತರೆ ಆಗುತ್ತೆ."

ಅವರು ಸಮುದ್ರದ ಕಡೆ ತಿರುಗಿದರು. ಬೆಳಗ್ಗೆ ಇಲ್ಲದ ಬಿಳಿ ನೊರೆ ಆಗ ಅಲ್ಲಲ್ಲಿ ಕಾಣುತ್ತಿತ್ತು. ಅಮ್ಮನ ಸೆರಗು ಹಾರುತ್ತಿತ್ತು. "ಬೇಡ. ಮಾತು ಮಾತೇ. ನಾನು ನೋಡಬೇಕಾಗಿರೋದು ಕೆಳಗಿದೆ" ಅಂದರು.

ಕೆಳಗಿಳಿದು ಅಪೊಲೊ ದೇವಸ್ಥಾನದ ಆವರಣಕ್ಕೆ ಹೋದೆವು. ಅಲ್ಲಿ ಎದ್ದು ನಿಂತಿರುವುದು ಕಡಿಮೆ. ಬುನಾದಿ, ಉರುಳಿದ ಕಂಬದ ತುಂಡು, ಒಡೆದ ಅಮೃತಶಿಲೆ. ಗೊತ್ತಿಲ್ಲದವರಿಗೆ ಅದು ಕಲ್ಲಿನ ರಾಶಿ. ಅಪ್ಪ ಕೊಡೆ ಊರಿಕೊಂಡು ನಿಂತರು. ಆಮೇಲೆ ನನ್ನನ್ನು ಕರೆದು ಕೊಡೆಯ ತುದಿಯಿಂದ ತೋರಿಸುತ್ತಾ ಹೇಳಿದರು.

ಕ್ರಿ.ಪೂ. 478ರಲ್ಲಿ ಪರ್ಷಿಯಾದವರ ಎದುರು ನಿಲ್ಲಲು ಗ್ರೀಕ್ ಊರುಗಳು ಸೇರಿ ಒಕ್ಕೂಟ ಮಾಡಿಕೊಂಡವು. ದುಡ್ಡನ್ನು ಈ ದೇವರ ಕಾವಲಿನಲ್ಲಿ ಇಟ್ಟವು. ಇಲ್ಲಿ ಅಪೊಲೊಗೆ ದೊಡ್ಡ ಗುಡಿ ಕಟ್ಟಲು ಶುರು ಮಾಡಿದರು. ಕ್ರಿ.ಪೂ. 454ರಲ್ಲಿ ಖಜಾನೆ ಅಥೆನ್ಸಿಗೆ ಹೋಯಿತು. ಗುಡಿಯ ಕೆಲಸ ನಿಂತೇ ಹೋಯಿತು. ಒಂದೂವರೆ ಶತಮಾನ ಕಳೆದ ಮೇಲೆ ಮತ್ತೆ ಕೈಗೆತ್ತಿಕೊಂಡರು. "ದುಡ್ಡು ಕೊಟ್ಟವರು ಇವರೆಲ್ಲ. ಅಥೆನ್ಸ್ ಅದರಲ್ಲಿ ತನ್ನ ಊರು ಕಟ್ಕೊಂಡಿತು" ಅಂದರು. ಶಾಲೆಯಲ್ಲಿ ಹೇಳಿದ ಅದೇ ಮಾತು. ಆದರೆ ಆಗ ಅದು ಪರೀಕ್ಷೆಗೆ ಬರೆಯುವ ಎರಡು ಅಂಕದ ಉತ್ತರವಾಗಿತ್ತು. ಈಗ ಅವರು ಆ ಅರ್ಧಕ್ಕೆ ನಿಂತ ಗುಡಿಯ ಅಡಿಪಾಯದ ಮುಂದೆ ನಿಂತು ಹೇಳುತ್ತಿದ್ದರು. ನನಗೆ ಗಂಟಲು ಕಟ್ಟಿತು. ಅಪ್ಪ ಬಗ್ಗಿ ಕಲ್ಲನ್ನು ಮುಟ್ಟಲು ಹೋಗಿ, ಹಗ್ಗ ಕಟ್ಟಿರುವುದನ್ನು ನೋಡಿ ಕೈ ಹಿಂದಕ್ಕೆ ತಗೊಂಡರು.

ಸಿಂಹಗಳ ಸಾಲಿನ ಹತ್ತಿರ ಬಂದಾಗ 12:40. ಕ್ರಿ.ಪೂ. ಏಳನೇ ಶತಮಾನದ ಕೊನೆಯಲ್ಲಿ ನಾಕ್ಸೋಸ್ ದ್ವೀಪದವರು ಕೊಟ್ಟ ಅಮೃತಶಿಲೆಯ ಸಿಂಹಗಳು. ಈಗ ಹೊರಗಿರುವುದು ಪ್ರತಿಗಳು. ಮೂಲ ಸಿಂಹಗಳನ್ನು ಗಾಳಿ, ಉಪ್ಪಿನಿಂದ ಉಳಿಸಲು ಮ್ಯೂಸಿಯಂ ಒಳಗೆ ಇಟ್ಟಿದ್ದಾರೆ. ಒಂದನ್ನು ಹಿಂದೆಯೇ ವೆನಿಸ್‌ಗೆ ಸಾಗಿಸಿದ್ದರು. ಮ್ಯೂಸಿಯಂ ನಾವು ಬಿಟ್ಟೆವು. ಸಿಂಹಗಳ ಎದುರಿಗೆ ತಗ್ಗಿನಲ್ಲಿ ಒಂದು ದುಂಡನೆಯ ಒಣ ಜಾಗ, ನಡುವೆ ಒಂದೇ ಒಂದು ಈಚಲಿನಂಥ ತಾಳೆ ಮರ. ಅದು ಪವಿತ್ರ ಸರೋವರ ಆಗಿತ್ತು. ಸೊಳ್ಳೆ ಮತ್ತು ಮಲೇರಿಯಾಕ್ಕೆ ಹೆದರಿ 1925ರ ಸುಮಾರಿಗೆ ಒಣಗಿಸಿದರು. ಮರವನ್ನು ನೆನಪಿಗಾಗಿ ನೆಟ್ಟಿದ್ದಾರೆ.

ಆ ಮರದ ಕಥೆಯನ್ನು ಅಮ್ಮನಿಗೆ ನಾನು ಹೇಳಿದೆ. ಲೀಟೊ ಅನ್ನುವ ದೇವತೆ ದೇವರುಗಳ ರಾಜ ಜ್ಯೂಸ್‌ನಿಂದ ಬಸುರಿ. ಅವನ ಹೆಂಡತಿ ಹೇರಾಳ ಕೋಪಕ್ಕೆ ಹೆದರಿ ಯಾವ ನೆಲವೂ ಅವಳಿಗೆ ಜಾಗ ಕೊಡಲಿಲ್ಲ. ಕೊನೆಗೆ ಈ ಬಡ ದ್ವೀಪ ಬಾ ಅಂದಿತು. ಒಂಬತ್ತು ದಿನ ಬೇನೆ ತಿಂದು, ತಾಳೆ ಮರವನ್ನು ತಬ್ಬಿ ಹಿಡಿದು ಅಪೊಲೊನನ್ನು ಹೆತ್ತಳು.

ಅಪ್ಪ ಮುಂದುವರಿಸಿದರು. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಇಲ್ಲಿನ ಸಮಾಧಿಗಳನ್ನೆಲ್ಲ ತೆಗೆದು ಎದುರಿನ ರೆನೈಯಾ ದ್ವೀಪಕ್ಕೆ ಸಾಗಿಸಿದರು. ಇನ್ನು ಮುಂದೆ ಈ ನೆಲದಲ್ಲಿ ಯಾರೂ ಸಾಯಬಾರದು, ಯಾರೂ ಹುಟ್ಟಬಾರದು ಅಂತ ಕಟ್ಟಳೆ ಮಾಡಿದರು. ಸಾಯುವವರನ್ನೂ ದಿನ ತುಂಬಿದ ಬಸುರಿಯರನ್ನೂ ದೋಣಿಯಲ್ಲಿ ಆಚೆ ಕಳಿಸುತ್ತಿದ್ದರು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೆರಿಗೆಗೆ ಜಾಗ ಕೊಟ್ಟಿದ್ದಕ್ಕೇ ಅಲ್ವಾ ಈ ಊರಿಗೆ ಹೆಸರು ಬಂದಿದ್ದು? ಮತ್ತೆ ಅದೇ ಊರಲ್ಲಿ ಹೆರಬೇಡ ಅಂದ್ರಾ? ಬೇನೆ ಬಂದವಳನ್ನ ಇಂಥಾ ಗಾಳಿಯಲ್ಲಿ ದೋಣಿ ಹತ್ತಿಸಿದ್ರಾ?" ಅಂದರು. ಅಪ್ಪನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಇಷ್ಟು ವರ್ಷದಲ್ಲಿ ಯಾವ ಹುಡುಗನೂ ಆ ಪ್ರಶ್ನೆ ಕೇಳಿರಲಿಲ್ಲ ಅಂತ ಆಮೇಲೆ ನನಗೆ ಹೇಳಿದರು.

1:10ಕ್ಕೆ ಕಟ್ಟೆಗೆ ಬಂದೆವು. ಸಾಲು ಆಗಲೇ ಉದ್ದ ಇತ್ತು. ಒಂದು ಬಾಟಲಿ ನೀರೂ ಉಳಿದಿರಲಿಲ್ಲ. ಮೂವರಿಗೆ ನಾಲ್ಕು ಬಾಟಲಿ ಬೇಕಿತ್ತು, ಅದು ನನ್ನ ತಪ್ಪು ಲೆಕ್ಕ. ವಾಪಸ್ ಬರುವಾಗ ದೋಣಿ ಚೆನ್ನಾಗಿಯೇ ಎತ್ತಿ ಹಾಕಿತು. ಮೇಲಿನ ಅಂತಸ್ತಿನಲ್ಲಿ ಕೂತವರು ನೆನೆದುಹೋದರು. ಅಮ್ಮ ನನ್ನ ಕೈ ಬಿಡಲಿಲ್ಲ.

ಮೈಕೊನೋಸ್‌ನಲ್ಲಿ ಇಳಿದಾಗ 2:05. ಮೊದಲು ನೀರು ಕೊಂಡೆವು. ಆಮೇಲೆ ಬಂದರಿನ ಎದುರು ಒಂದು ಸಣ್ಣ ಹೋಟೆಲಿನ ನೆರಳಲ್ಲಿ ಕೂತು ಟೊಮೇಟೊ, ಸೌತೆಕಾಯಿ, ಫೇಟಾ ಚೀಸ್ ಹಾಕಿದ ಗ್ರೀಕ್ ಸಾಲಡ್ ಮತ್ತು ಬ್ರೆಡ್ಡು ತಿಂದೆವು. ಅಮ್ಮ ಅದಕ್ಕೆ ಚೀಲದಿಂದ ಚಟ್ನಿಪುಡಿ ತೆಗೆದು ಉದುರಿಸಿಕೊಂಡರು. ಗಾಳಿಯಂತ್ರಗಳನ್ನು ನೋಡಲು ಹೋಗಲಿಲ್ಲ. ಹೋಗಲು ಸಮಯ ಇತ್ತು, ಅಪ್ಪನ ಕಾಲಿನಲ್ಲಿ ಶಕ್ತಿ ಇರಲಿಲ್ಲ. 3:15ಕ್ಕೆ ಟೆಂಡರ್ ಸಾಲಿಗೆ ನಿಂತೆವು. ಅಷ್ಟೊತ್ತಿಗೆ ಗಾಳಿಗೆ ಟೆಂಡರ್‌ಗಳು ನಿಧಾನ ಆಗಿದ್ದವು. ಹಡಗು ಹತ್ತಿದಾಗ 4:20.

3 ಗಂಟೆಯ ಡೆಲೋಸ್ ದೋಣಿಯೂ ಬಂದಿತ್ತು. ಅದರಲ್ಲಿ ಬಂದ ದಂಪತಿ ರಾತ್ರಿ ಊಟದಲ್ಲಿ ನಮ್ಮ ಪಕ್ಕದ ಮೇಜಿನಲ್ಲಿದ್ದರು. ಅವರು ಗುಡ್ಡ ಹತ್ತಿದ್ದರು. ಕೊನೆಯ ಟೆಂಡರ್‌ನಲ್ಲಿ ಬಂದೆವು, ಕೈಕಾಲು ನಡುಗುತ್ತಿತ್ತು ಅಂದರು. ಮೇಲಿಂದ ತೆಗೆದ ಫೋಟೊ ತೋರಿಸಿದರು. ತುಂಬ ಚೆನ್ನಾಗಿತ್ತು. ನಾವೂ ನಿಲ್ಲಬಹುದಿತ್ತು ಅನ್ನುವುದು ನಿಜ. ಆದರೂ ಅದೇ ಅಪ್ಪ-ಅಮ್ಮ, ಅದೇ ಗಾಳಿ, ಅದೇ ಗಡಿಯಾರ ಇಟ್ಟುಕೊಂಡು ಇನ್ನೊಮ್ಮೆ ಹೋದರೆ ನಾನು 1:30ರ ದೋಣಿಯನ್ನೇ ಹಿಡಿಯುತ್ತೇನೆ. ನೀರು ಮಾತ್ರ ನಾಲ್ಕು ಬಾಟಲಿ.

ಸಂಜೆ ಹಡಗು ಹೊರಟಾಗ ಅಪ್ಪ ಮೇಲಿನ ಡೆಕ್‌ನಲ್ಲಿದ್ದರು. ಮೈಕೊನೋಸ್‌ನ ಆಚೆ ಕಿಂಥೋಸ್ ಗುಡ್ಡ ಸಣ್ಣದಾಗಿ ಕಾಣುತ್ತಿತ್ತು. ನಾನು ಕಾಫಿ ಹಿಡಿದು ಹೋದೆ. ಅವರು ಹಡಗಿನ ಚೀಟಿಯ ಹಿಂದೆ ಪೆನ್ನಿನಲ್ಲಿ ನಕ್ಷೆ ಬರೆಯುತ್ತಿದ್ದರು. ಎಡಕ್ಕೆ ಅಥೆನ್ಸ್, ಕೆಳಗೆ ಸ್ಪಾರ್ಟಾ. ಡೆಲೋಸ್ ಇರುವ ಕಡೆ ಈ ಸಲ ಚುಕ್ಕೆ ಇಟ್ಟಿರಲಿಲ್ಲ. ಉದ್ದಕ್ಕೆ ಒಂದು ದ್ವೀಪ ಬರೆದು, ಅದರೊಳಗೆ ಗುಡ್ಡ, ರಂಗಮಂದಿರ, ಸಿಂಹಗಳ ಸಾಲು, ಎದುರಿಗೆ ರೆನೈಯಾ ಗುರುತು ಮಾಡಿದ್ದರು. ರೆನೈಯಾದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅಮ್ಮನ ಪ್ರಶ್ನೆಯನ್ನೂ ಬರೆದುಕೊಂಡಿದ್ದರು.